ಬಿಲ್ ಬರಲಿ ಬಿಡಲಿ, 7ನೇ ತಾರೀಖಿಗೆ ಸಂಬಳ: ಸರ್ಕಾರಿ ಗುತ್ತಿಗೆದಾರರಿಗೆ ಹೊಸ ಕಾರ್ಮಿಕ ಸಂಹಿತೆಗಳ ಮಾರ್ಗದರ್ಶಿ

ನಾನು ಸಣ್ಣ ಏಜೆನ್ಸಿಗಳ ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ಲೆಕ್ಕ ನೋಡಿಕೊಳ್ಳುವವನು. ತಾಲ್ಲೂಕು ಆಸ್ಪತ್ರೆಗೆ ಸ್ವಚ್ಛತಾ ಸಿಬ್ಬಂದಿ, ಹಾಸ್ಟೆಲ್‌ಗೆ ಅಡುಗೆಯವರು, ಕಚೇರಿಗೆ ಡೇಟಾ ಎಂಟ್ರಿ ಆಪರೇಟರ್, ಡ್ರೈವರ್, ಕಾವಲುಗಾರ, ಹೀಗೆ ಇಪ್ಪತ್ತು ಮೂವತ್ತು ಜನರನ್ನು ಕೊಡುವ ಏಜೆನ್ಸಿಗಳು. ಇವರೆಲ್ಲ ಈಗ ಕೇಳುವುದು ಒಂದೇ ಪ್ರಶ್ನೆ: "ಹೊಸ ಲೇಬರ್ ಕೋಡ್ ಬಂದಿದೆಯಂತಲ್ಲ, ನಾವೇನು ಬದಲಾಯಿಸಬೇಕು?"

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಲ್ಲಿ ಜಾರಿಗೆ ಬಂದಿವೆ. ವೇತನ ಸಂಹಿತೆ 2019, ಕೈಗಾರಿಕಾ ಸಂಬಂಧಗಳ ಸಂಹಿತೆ 2020, ಸಾಮಾಜಿಕ ಭದ್ರತಾ ಸಂಹಿತೆ 2020, ಮತ್ತು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಪರಿಸ್ಥಿತಿಗಳ ಸಂಹಿತೆ 2020. ಒಟ್ಟು 29 ಹಳೆಯ ಕಾಯ್ದೆಗಳು ಇವುಗಳಲ್ಲಿ ಸೇರಿಹೋಗಿವೆ. 1948ರ ಕನಿಷ್ಠ ವೇತನ ಕಾಯ್ದೆಯೂ ಹೋಯಿತು, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೂ ಹೋಯಿತು. ಹಾಗಂತ ಹಳೆಯ ಅಧಿಸೂಚನೆಗಳೆಲ್ಲ ಒಂದೇ ರಾತ್ರಿಯಲ್ಲಿ ರದ್ದಾದವು ಅಂದುಕೊಳ್ಳಬೇಡಿ. ಹೊಸದಕ್ಕೆ ವಿರುದ್ಧವಾಗದಷ್ಟು ಮಟ್ಟಿಗೆ ಅವು ಮುಂದುವರಿಯುತ್ತವೆ. ಆದ್ದರಿಂದ ರಾಜ್ಯದ ಕನಿಷ್ಠ ವೇತನದ ಅಧಿಸೂಚನೆ ನಿಮ್ಮ ಮೇಜಿನ ಮೇಲೆ ಇರಲೇಬೇಕು.

ನಾನು ಇಲ್ಲಿ ನಾಲ್ಕೂ ಸಂಹಿತೆಗಳನ್ನು ಪೂರ್ತಿ ವಿವರಿಸಲು ಹೋಗುವುದಿಲ್ಲ. ಟೆಂಡರ್ ಹಾಕುವ ದಿನದಿಂದ ಗುತ್ತಿಗೆ ಮುಗಿಯುವ ದಿನದವರೆಗೆ ಒಬ್ಬ ಸಣ್ಣ ಗುತ್ತಿಗೆದಾರ ಏನೇನು ಮಾಡಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲ ಹೆಜ್ಜೆ: ನಿಮ್ಮ ಗುತ್ತಿಗೆ ಯಾವ ಸರ್ಕಾರದ್ದು?

ಸುಲಭದ ಪ್ರಶ್ನೆ ಅನ್ನಿಸುತ್ತದೆ. ಆದರೆ ಅರ್ಧ ತಪ್ಪುಗಳು ಇಲ್ಲೇ ಹುಟ್ಟುತ್ತವೆ. ರೈಲ್ವೆ, ಗಣಿ, ದೂರಸಂಪರ್ಕ, ಬ್ಯಾಂಕ್, ವಿಮೆ, ಕೇಂದ್ರದ ಉದ್ದಿಮೆಗಳು, ಇವುಗಳ ಗುತ್ತಿಗೆ ಹಿಡಿದರೆ ನಿಮಗೆ ಕೇಂದ್ರ ಸರ್ಕಾರದ ಕನಿಷ್ಠ ವೇತನ. ರಾಜ್ಯದ ಇಲಾಖೆ, ನಿಗಮ, ನಗರಸಭೆ, ಪಂಚಾಯಿತಿ ಆದರೆ ರಾಜ್ಯದ ದರ.

ಎರಡಕ್ಕೂ ವ್ಯತ್ಯಾಸ ಸಣ್ಣದಲ್ಲ. ಕೇಂದ್ರದ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಏಪ್ರಿಲ್ 1 ಮತ್ತು ಅಕ್ಟೋಬರ್ 1ಕ್ಕೆ. ಕರ್ನಾಟಕದ್ದು ವರ್ಷಕ್ಕೊಮ್ಮೆ, ಏಪ್ರಿಲ್ 1ಕ್ಕೆ. ಕೇಂದ್ರದ ದರದಲ್ಲಿ 2024ರ ಅಕ್ಟೋಬರ್ 1ರಿಂದ ಬೆಂಗಳೂರಿನಂಥ 'ಎ' ಪ್ರದೇಶದಲ್ಲಿ ಕಸ ಗುಡಿಸುವ, ಸ್ವಚ್ಛಗೊಳಿಸುವ ಕೆಲಸಕ್ಕೆ ದಿನಕ್ಕೆ 783 ರೂಪಾಯಿ ಇತ್ತು. 26 ದಿನಕ್ಕೆ 20,358 ರೂಪಾಯಿ. ರಾಷ್ಟ್ರೀಕೃತ ಬ್ಯಾಂಕ್ ಶಾಖೆಯ ನೆಲ ಒರೆಸುವವರಿಗೂ, ಅದೇ ರಸ್ತೆಯ ರಾಜ್ಯ ಸರ್ಕಾರಿ ಕಚೇರಿಯ ನೆಲ ಒರೆಸುವವರಿಗೂ ದರದ ಪಟ್ಟಿ ಬೇರೆ ಬೇರೆ. ಒಂದರ ಪಟ್ಟಿ ನೋಡಿ ಇನ್ನೊಂದರ ಟೆಂಡರ್ ಹಾಕಿದರೆ ಆ ನಷ್ಟ ಇಡೀ ವರ್ಷ ಬೆನ್ನು ಬಿಡುವುದಿಲ್ಲ.

ಇನ್ನೊಂದು ಬದಲಾವಣೆ ಗಮನಿಸಿ. ಹಿಂದೆ ಕನಿಷ್ಠ ವೇತನ ಅನ್ವಯವಾಗುತ್ತಿದ್ದುದು ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ. ವೇತನ ಸಂಹಿತೆಯಲ್ಲಿ ಆ ಬೇಲಿ ಇಲ್ಲ. ಎಲ್ಲ ನೌಕರರಿಗೂ ಕನಿಷ್ಠ ವೇತನದ ಹಕ್ಕಿದೆ. ಎಷ್ಟು ಜನ ಇದ್ದಾರೆ ಅನ್ನುವ ಲೆಕ್ಕವೂ ಇಲ್ಲ. "ನಮ್ಮಲ್ಲಿ ಇರೋದೇ ಎಂಟು ಜನ, ನಮಗೆ ಅದು ಬರಲ್ಲ" ಅನ್ನುವ ಮಾತು ಇನ್ನು ನಡೆಯುವುದಿಲ್ಲ.

ಎರಡನೇ ಹೆಜ್ಜೆ: 'ವೇತನ' ಅಂದರೆ ಏನು ಅಂತ ಹೊಸದಾಗಿ ಲೆಕ್ಕ ಹಾಕಿ

ಎಲ್ಲರೂ ಮಾತಾಡುವ 50% ನಿಯಮ ಇದೇ. ಮೂಲ ವೇತನ ಮತ್ತು ತುಟ್ಟಿಭತ್ಯೆ ವೇತನದೊಳಗೆ ಬರುತ್ತವೆ. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಓಟಿ (ಹೆಚ್ಚುವರಿ ಗಂಟೆಯ ಕೂಲಿ), ಕಮಿಷನ್, ಮಾಲೀಕರ ಪಾಲಿನ ಪಿಎಫ್ ಇಂಥವು ಹೊರಗೆ. ಆದರೆ ಹೊರಗಿಟ್ಟ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ್ದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು.

ಒಬ್ಬ ಸೂಪರ್‌ವೈಸರ್ ಸಂಬಳ 44,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000. ಉಳಿದ 26,000 ಮನೆ ಬಾಡಿಗೆ, ಓಡಾಟ ಇತ್ಯಾದಿ ಹೊರಗಿಡುವ ಭತ್ಯೆಗಳು. ಒಟ್ಟಿನ ಅರ್ಧ 22,000. ಭತ್ಯೆಗಳು ಅದಕ್ಕಿಂತ 4,000 ಜಾಸ್ತಿ. ಆ 4,000 ವೇತನಕ್ಕೆ ಸೇರಿ, ಇವರ ವೇತನ 22,000 ಆಗುತ್ತದೆ. ಒಂದು ವರ್ಷದ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ತಕ್ಕಂತೆ ಕೊಡುವ ಹಣ) ಹಳೆಯ ಲೆಕ್ಕದಲ್ಲಿ 10,385 ರೂಪಾಯಿ ಇದ್ದದ್ದು ಈಗ 12,692 ಆಗುತ್ತದೆ. ಪಿಎಫ್ ಅನ್ನು ನೀವು 15,000ದ ಮಿತಿಗೆ ಕಟ್ಟುತ್ತಿದ್ದರೆ ಅದು ಬದಲಾಗುವುದಿಲ್ಲ. ಕೈಗೆ ಬರುವ ಸಂಬಳವೂ ಕಡಿಮೆಯಾಗುವುದಿಲ್ಲ. ಇದನ್ನು ನಿಮ್ಮ ಸಿಬ್ಬಂದಿಗೆ ಬಿಡಿಸಿ ಹೇಳಿ. ವಾಟ್ಸಾಪ್‌ನಲ್ಲಿ ಬಂದದ್ದನ್ನು ನೋಡಿ ಎಷ್ಟೋ ಜನ ಸುಮ್ನೆ ಹೆದರಿಕೊಂಡಿದ್ದಾರೆ.

ಹೊರಗುತ್ತಿಗೆಯ ಕೆಳಹಂತದ ನೌಕರರಿಗೆ ಈ ನಿಯಮ ಅಷ್ಟಾಗಿ ತಟ್ಟುವುದಿಲ್ಲ. ಅವರ ಸಂಬಳವೇ ಕನಿಷ್ಠ ವೇತನ, ಅಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ. ತಟ್ಟುವುದು ಸೂಪರ್‌ವೈಸರ್, ಆಫೀಸ್ ಸಿಬ್ಬಂದಿ, ಎಂಜಿನಿಯರ್‌ಗಳಿಗೆ. ಕನಿಷ್ಠ ವೇತನದ ಮೊತ್ತವನ್ನೇ ಒಡೆದು ಅರ್ಧಕ್ಕೆ ಮನೆ ಬಾಡಿಗೆ ಅಂತ ಹೆಸರಿಟ್ಟು ಪಿಎಫ್ ಉಳಿಸುವ ಹಳೆಯ ಉಪಾಯ ಇದ್ದರೆ, ದಯವಿಟ್ಟು ಇವತ್ತೇ ಬಿಡಿ.

ಮೂರನೇ ಹೆಜ್ಜೆ: ದರ ಕಟ್ಟುವುದು

ಇಲ್ಲಿ ನಿಧಾನವಾಗಿ ಓದಿ. ನಾನು ಕಂಡ ಏಜೆನ್ಸಿಗಳು ಮುಳುಗಿದ್ದು ಇಲ್ಲೇ. ಅವರ ಜೊತೆ ಕೆಲಸಗಾರರೂ ಮುಳುಗಿದರು.

ಒಬ್ಬರ ವೇತನ ತಿಂಗಳಿಗೆ 20,000 ಅಂತ ಇಟ್ಟುಕೊಂಡು ಲೆಕ್ಕ ಮಾಡೋಣ. ಪಿಎಫ್‌ನಲ್ಲಿ ನಿಮ್ಮ ಪಾಲು, ವಿಮೆ ಮತ್ತು ಆಡಳಿತ ಶುಲ್ಕ ಸೇರಿ 13%, 15,000ದ ಮಿತಿಗೆ ಲೆಕ್ಕ ಹಾಕಿದರೆ: 1,950 ರೂಪಾಯಿ. ಇಎಸ್‌ಐ 3.25%: 650. ಬೋನಸ್ 8.33%: 1,666. ಗ್ರಾಚ್ಯುಟಿಗೆ ತಿಂಗಳಿಗೆ ಎತ್ತಿಡಬೇಕಾದ್ದು 4.81%: 962. ವರ್ಷಕ್ಕೆ ಸುಮಾರು 15 ದಿನದ ಗಳಿಕೆ ರಜೆ, ಅದಕ್ಕೂ 962. ಎಲ್ಲ ಕೂಡಿದರೆ 26,190. ಅಂದರೆ 20,000 ವೇತನದ ಮೇಲೆ 6,190 ರೂಪಾಯಿ. ಸಮವಸ್ತ್ರ, ಆರೋಗ್ಯ ತಪಾಸಣೆ, ವಾರದ ರಜೆಗೆ ಬದಲಿ ಆಳು, ಇವು ಇನ್ನೂ ಸೇರಿಲ್ಲ. ಜಿಎಸ್‌ಟಿ ಬೇರೆ.

ಗ್ರಾಚ್ಯುಟಿ ಯಾಕೆ ಸೇರಿಸಿದೆ ಅಂದರೆ, ಇದು ದೊಡ್ಡ ಬದಲಾವಣೆ. ಮೊದಲು ಐದು ವರ್ಷ ಸೇವೆ ಆಗದೆ ಗ್ರಾಚ್ಯುಟಿ ಇರಲಿಲ್ಲ. ಒಂದೊಂದು ವರ್ಷದ ಟೆಂಡರ್‌ನಲ್ಲಿ ಯಾರಿಗೂ ಐದು ವರ್ಷ ಆಗುತ್ತಲೇ ಇರಲಿಲ್ಲ. ಹತ್ತು ವರ್ಷ ಒಂದೇ ಆಸ್ಪತ್ರೆಯ ವಾರ್ಡ್ ತೊಳೆದವರೂ ಬರಿಗೈಯಲ್ಲಿ ಹೋದರು. ಈಗ ನಿಗದಿತ ಅವಧಿಯ ನೌಕರರು ಒಂದು ವರ್ಷ ಸೇವೆ ಮುಗಿಸಿದರೆ ಆ ಅವಧಿಗೆ ತಕ್ಕ ಗ್ರಾಚ್ಯುಟಿಗೆ ಅರ್ಹರು. ಇದು ತುಂಬಾ ತಡವಾಗಿ ಬಂದ ನ್ಯಾಯ ಅಂತ ನನ್ನ ಅಭಿಪ್ರಾಯ. ಆದರೆ ಅದರ ದುಡ್ಡು ನಿಮ್ಮ ದರದಲ್ಲಿ ಇಲ್ಲದಿದ್ದರೆ ವರ್ಷದ ಕೊನೆಗೆ ಎಲ್ಲಿಂದ ತರುತ್ತೀರಿ?

ಈಗ ಸರ್ವಿಸ್ ಚಾರ್ಜ್, ಅಂದರೆ ಖರ್ಚಿನ ಮೇಲೆ ಏಜೆನ್ಸಿಗೆ ಸಿಗುವ ಪಾಲು ನೋಡಿ. 3.85% ಅಂತ ಇಟ್ಟುಕೊಳ್ಳೋಣ. ಇಪ್ಪತ್ತು ಜನರ ತಿಂಗಳ ಖರ್ಚು 5,23,800. ಅದರ ಮೇಲೆ ನಿಮಗೆ ಸಿಗುವುದು ಸುಮಾರು 20,166. ಇಲಾಖೆಯ ಬಿಲ್ ಮೂರು ತಿಂಗಳು ತಡವಾದರೆ ನಿಮ್ಮ ಕೈಯಿಂದ ಹೊರಗೆ ನಿಂತ ದುಡ್ಡು 15,71,400. ಅದಕ್ಕೆ ವರ್ಷಕ್ಕೆ 12% ಬಡ್ಡಿ ಅಂದರೂ ತಿಂಗಳಿಗೆ 15,714. ಉಳಿದದ್ದು 4,452 ರೂಪಾಯಿ. ಅದರಲ್ಲೇ ಆಫೀಸ್ ಬಾಡಿಗೆ, ಲೆಕ್ಕ ಬರೆಯುವವರ ಸಂಬಳ, ನಿಮ್ಮ ಮನೆ ಖರ್ಚು. ಈ ಲೆಕ್ಕ ಮಾಡದೆ ಒಂದು ಪರ್ಸೆಂಟ್‌ಗೋ ಅದಕ್ಕಿಂತ ಕಡಿಮೆಗೋ ಟೆಂಡರ್ ಹಿಡಿದವರು ದುಡ್ಡು ತೆಗೆಯಲು ಇರುವುದು ಒಂದೇ ಜಾಗ, ಕೆಲಸಗಾರರ ಸಂಬಳ. ಅದಕ್ಕೇ ಹೇಳುವುದು, ವೇತನ ಕಳ್ಳತನ ಟೆಂಡರ್ ತೆರೆಯುವ ದಿನವೇ ನಿರ್ಧಾರವಾಗಿರುತ್ತದೆ. ನಿಮಗೆ ಈ ಲೆಕ್ಕ ಹೊಂದದಿದ್ದರೆ ಆ ಟೆಂಡರ್ ಬಿಟ್ಟುಬಿಡಿ. ಬಿಟ್ಟವರು ಉಳಿದಿದ್ದಾರೆ.

ಕಾವಲುಗಾರರ ವಿಷಯ ಬೇರೆಯಾಗಿ ಹೇಳಬೇಕು. ದಿನದ ಕೆಲಸ 8 ಗಂಟೆ. ಅದರ ಮೇಲೆ ದುಡಿಸಿದರೆ ಎರಡು ಪಟ್ಟು ದರ. ನಮ್ಮಲ್ಲಿ 12 ಗಂಟೆ ಡ್ಯೂಟಿ ಮಾಮೂಲು ಅನ್ನುವಂತಾಗಿದೆ. ದಿನಗೂಲಿ 800 ಆದರೆ ಗಂಟೆಗೆ 100. 8 ಗಂಟೆಗೆ 800, ಮೇಲಿನ 4 ಗಂಟೆಗೆ 200ರಂತೆ ಇನ್ನೊಂದು 800. ಅಂದರೆ 12 ಗಂಟೆಗೆ 1,600. ದಿನವಿಡೀ ಇಬ್ಬರಿಂದ ಕಾಯಿಸಿದರೆ 3,200 ರೂಪಾಯಿ, 8 ಗಂಟೆಯಂತೆ ಮೂವರಿಂದ ಕಾಯಿಸಿದರೆ 2,400. ಕಾನೂನು ಪಾಲಿಸುವುದಾದರೆ ಮೂವರು ಅಗ್ಗ. ಇಬ್ಬರು ಅಗ್ಗ ಅನ್ನಿಸುವುದು ಓಟಿ ಕೊಡದಿದ್ದಾಗ ಮಾತ್ರ. ಇದನ್ನು ಕಾಗದದ ಮೇಲೆ ಬರೆದು ಇಲಾಖೆಯವರಿಗೆ ತೋರಿಸಿ. ನಾನು ಎರಡು ಕಡೆ ತೋರಿಸಿದ್ದೇನೆ, ಒಂದು ಕಡೆ ಮೂರು ಪಾಳಿ ಮಾಡಿದರು.

ಟೆಂಡರ್ ಹಾಕುವ ಮೊದಲು ಕೇಳಬೇಕಾದದ್ದು

ಪ್ರೀ-ಬಿಡ್ ಸಭೆಗೆ, ಅಂದರೆ ಟೆಂಡರ್‌ಗೆ ಮೊದಲು ಇಲಾಖೆ ಕರೆಯುವ ಸಭೆಗೆ ತಪ್ಪದೆ ಹೋಗಿ. ಪ್ರಶ್ನೆಗಳನ್ನು ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ಗುತ್ತಿಗೆಯ ಮಧ್ಯೆ ಕನಿಷ್ಠ ವೇತನ ಅಥವಾ ತುಟ್ಟಿಭತ್ಯೆ ಹೆಚ್ಚಾದರೆ ಇಲಾಖೆ ಆ ವ್ಯತ್ಯಾಸ ಕೊಡುತ್ತದೆಯೇ? ಗ್ರಾಚ್ಯುಟಿ, ಬೋನಸ್, ಗಳಿಕೆ ರಜೆ ದರದೊಳಗೋ, ಖರ್ಚಾದ ಮೇಲೆ ಪ್ರತ್ಯೇಕವಾಗಿಯೋ? ಬಿಲ್ ಸಲ್ಲಿಸಿದ ಎಷ್ಟು ದಿನಕ್ಕೆ ಪಾವತಿ? ಈ ಮೂರಕ್ಕೆ ಲಿಖಿತ ಉತ್ತರ ಸಿಕ್ಕರೆ ನಿಮ್ಮ ಅರ್ಧ ತಲೆನೋವು ಕಡಿಮೆ. ಹುದ್ದೆಯ ಹೆಸರನ್ನೂ ನೋಡಿ. ಕಾಗದದಲ್ಲಿ ಸಹಾಯಕ ಅಂತ ಬರೆದು, ಕೂರಿಸುವುದು ಕಂಪ್ಯೂಟರ್ ಮುಂದೆ ಆದರೆ, ವೇತನ ಕೊಡಬೇಕಾದ್ದು ಮಾಡುವ ಕೆಲಸಕ್ಕೆ ತಕ್ಕಂತೆ.

ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಹೊರಡಿಸಿದ ಋತುಚಕ್ರ ರಜೆ ಆದೇಶವೂ ಲೆಕ್ಕದಲ್ಲಿರಲಿ. 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ರಜೆ. ಗುತ್ತಿಗೆ, ಹೊರಗುತ್ತಿಗೆಯವರೂ ಅದರಲ್ಲಿ ಸೇರಿದ್ದಾರೆ. ಆದೇಶವನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ಆದ್ದರಿಂದ ಟೆಂಡರ್ ಹಾಕುವ ದಿನ ಅದರ ಸ್ಥಿತಿ ಏನು ಅಂತ ನೋಡಿಕೊಂಡೇ ದರ ಬರೆಯಿರಿ. ಸ್ವಚ್ಛತಾ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ ಅಲ್ವಾ, ಬದಲಿ ಆಳಿನ ವ್ಯವಸ್ಥೆ ಮೊದಲೇ ಇರಬೇಕು.

ಲೈಸೆನ್ಸ್ ಮತ್ತು ನೇಮಕಾತಿ ಪತ್ರ

ಗುತ್ತಿಗೆ ಕಾರ್ಮಿಕರ ಲೈಸೆನ್ಸ್ ಈಗ 50 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಬೇಕು. ಹಳೆಯ ಕೇಂದ್ರ ಕಾಯ್ದೆಯಲ್ಲಿ ಇದು 20 ಇತ್ತು. ಲೈಸೆನ್ಸ್ ಸಿಕ್ಕರೆ ಐದು ವರ್ಷ ನಡೆಯುತ್ತದೆ. ಸಣ್ಣವರಿಗೆ ಇದೊಂದು ಓಡಾಟ ತಪ್ಪಿತು. ಆದರೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಪಿಎಫ್, ಇಎಸ್‌ಐ ಬೇಡ ಅಂತಲ್ಲ. ಇಎಸ್‌ಐ 10 ಜನಕ್ಕೆ, ಪಿಎಫ್ 20 ಜನಕ್ಕೆ ಶುರುವಾಗುತ್ತದೆ.

ನೇಮಕಾತಿ ಪತ್ರ ಈಗ ಕಡ್ಡಾಯ. 10 ಅಥವಾ ಹೆಚ್ಚು ಜನರಿರುವ ಕಡೆ ಪ್ರತಿಯೊಬ್ಬರಿಗೂ ಕೊಡಬೇಕು. ಮೊದಲಿನಿಂದ ಇದ್ದು ಪತ್ರ ಸಿಗದವರಿಗೆ, ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕಿತ್ತು. ಇನ್ನೂ ಕೊಟ್ಟಿಲ್ಲವೆಂದರೆ ಈ ವಾರವೇ ಕೊಡಿ. ಕನ್ನಡದಲ್ಲೇ ಬರೆಯಿರಿ. ಹೆಸರು, ಹುದ್ದೆ, ಕೆಲಸದ ಸ್ಥಳ, ಮೂಲ ವೇತನ ಮತ್ತು ತುಟ್ಟಿಭತ್ಯೆ ಬೇರೆ ಬೇರೆಯಾಗಿ, ಸೇರಿದ ದಿನ, ಅವಧಿ, ಪಿಎಫ್‌ನ ಯುಎಎನ್ (ಪಿಎಫ್ ಖಾತೆಯ ನಂಬರ್), ಇಎಸ್‌ಐ ನಂಬರ್. ಒಂದು ಪುಟ ಸಾಕು. ಇನ್ನೊಂದು ಸಣ್ಣ ವಿಷಯ: ಕೆಲಸಗಾರರು ಕೇಳಿದರೆ ಗುತ್ತಿಗೆದಾರರು ಅನುಭವ ಪತ್ರ ಕೊಡಲೇಬೇಕು. ಬೇರೆ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರಿಗೆ ಈ ಒಂದು ಹಾಳೆ ಎಷ್ಟು ಮುಖ್ಯ ಅಂತ ನಿಮಗೇ ಗೊತ್ತು. ಅದಕ್ಕಾಗಿ ಅವರನ್ನು ಅಲೆಸಬೇಡಿ.

7ನೇ ತಾರೀಖು

ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಹೋಗಬೇಕು. ಹಿಂದಿನ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನವರಿಗೆ ಇತ್ತು. ಈಗ ಎಲ್ಲರಿಗೂ. ಖಜಾನೆಯಲ್ಲಿ ಬಿಲ್ ನಿಂತಿದೆ, ಅನುದಾನ ಬಂದಿಲ್ಲ, ಸಾಹೇಬರು ರಜೆಯಲ್ಲಿದ್ದಾರೆ, ಇವೆಲ್ಲ ನಿಜವಾದ ತೊಂದರೆಗಳೇ. ಆದರೆ ಇದರಲ್ಲಿ ಯಾವುದೂ 7ನೇ ತಾರೀಖನ್ನು ಮುಂದಕ್ಕೆ ಹಾಕುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಗುತ್ತಿಗೆ ಶುರುವಾಗುವ ಮೊದಲೇ ಕನಿಷ್ಠ ಮೂರು ತಿಂಗಳ ಸಂಬಳಕ್ಕೆ ಸಾಕಾಗುವ ದುಡ್ಡು ಅಥವಾ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಮಿತಿ ತಯಾರಿಟ್ಟುಕೊಳ್ಳಿ. ಹಾಜರಿ ಪಟ್ಟಿಗೆ ತಿಂಗಳ ಕೊನೆಯ ದಿನವೇ ಸಹಿ ಮಾಡಿಸಿಕೊಳ್ಳಿ. ಅದಕ್ಕೆ ಐದನೇ ತಾರೀಖಿನವರೆಗೆ ಕಾದರೆ ಎಲ್ಲವೂ ತಡವಾಗುತ್ತದೆ. ಸಂಬಳ ಬ್ಯಾಂಕ್ ಖಾತೆಗೇ ಹಾಕಿ. ಹಾಕಿದ್ದೇವೆ ಅಂತ ಇಲಾಖೆಗೆ ಪಟ್ಟಿಸಮೇತ ಇಮೇಲ್ ಕಳಿಸಿ. ಪಿಎಫ್ ಮತ್ತು ಇಎಸ್‌ಐ 15ನೇ ತಾರೀಖಿನೊಳಗೆ ಕಟ್ಟಿ. ಚಲನ್ ಬಂದ ದಿನವೇ ಬಿಲ್ ಸಲ್ಲಿಸಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಬಿಲ್ ತಡವಾದಾಗ ಜಗಳ ಆಡುವುದಕ್ಕಿಂತ ಆ ಸೀಲ್ ಇರುವ ಕಾಗದ ಹೆಚ್ಚು ಕೆಲಸ ಮಾಡುತ್ತದೆ.

ಇಲಾಖೆಯ ಅಧಿಕಾರಿಗಳು ಇದನ್ನು ಓದುತ್ತಿದ್ದರೆ ನಿಮಗೂ ಒಂದು ಮಾತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪ್ರಿನ್ಸಿಪಲ್ ಎಂಪ್ಲಾಯರ್, ಅಂದರೆ ಗುತ್ತಿಗೆ ಕೊಟ್ಟ ಇಲಾಖೆ, ಪೂರ್ತಿ ಅಥವಾ ಬಾಕಿ ಇರುವಷ್ಟು ಕೊಟ್ಟು, ಆಮೇಲೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬೇಕು ಅಂತ ಸಂಹಿತೆ ಹೇಳುತ್ತದೆ. ಕುಡಿಯುವ ನೀರು, ವಿಶ್ರಾಂತಿ ಕೊಠಡಿ, ಪ್ರಥಮ ಚಿಕಿತ್ಸೆಯಂಥ ಸೌಲಭ್ಯಗಳ ಹೊಣೆಯೂ ಈಗ ಪ್ರಿನ್ಸಿಪಲ್ ಎಂಪ್ಲಾಯರ್ ಮೇಲಿದೆ. "ಅವರು ಏಜೆನ್ಸಿಯವರು, ನಮಗೆ ಸಂಬಂಧ ಇಲ್ಲ" ಅನ್ನುವ ಉತ್ತರಕ್ಕೆ ಕಾನೂನಿನ ಬೆಂಬಲ ಇಲ್ಲ. ನಿಮ್ಮ ಮೇಜಿನ ಮೇಲೆ ಇಪ್ಪತ್ತು ದಿನ ಕೂತ ಒಂದು ಬಿಲ್, ಇಪ್ಪತ್ತು ಮನೆಗಳ ರೇಷನ್, ಬಾಡಿಗೆ, ಸ್ಕೂಲ್ ಫೀಸ್. ದಯವಿಟ್ಟು ಅದನ್ನು ಬೇಗ ಮುಂದಕ್ಕೆ ಕಳಿಸಿ.

ಕಡಿತ: ಇಲ್ಲಿ ಕೈ ಇಡಬೇಡಿ

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಪಾಸ್‌ಬುಕ್ ಹಿಡಿದು ನನ್ನ ಮುಂದೆ ಬಂದು ಕೂತರು. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ವಚ್ಛತೆ ಕೆಲಸ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟ ಪಾಸ್‌ಬುಕ್, ಅದರೊಳಗೆ ನಾಲ್ಕಾಗಿ ಮಡಚಿದ ಒಂದು ವೇತನ ಚೀಟಿ.

"ಅಣ್ಣಾ, ಇದ್ರಾಗೆ ಪಿಎಫ್ ಎರಡು ಸಲ ಯಾಕೆ ಹಿಡಿದಾರೆ?" ಅಂತ ಕೇಳಿದರು.

ವೇತನ 14,000. ಅವರ ಪಾಲಿನ ಪಿಎಫ್ 12%, ಅಂದರೆ 1,680. ಇಎಸ್‌ಐ 0.75%, 105. ಕೈಗೆ 12,215 ಬರಬೇಕಿತ್ತು. ಬಂದದ್ದು 9,940. ಮಾಲೀಕರ ಪಾಲಿನ 1,820 ಮತ್ತು 455 ಕೂಡ ಅವರ ಸಂಬಳದಿಂದಲೇ ಹೋಗಿತ್ತು. ತಿಂಗಳಿಗೆ 2,275, ವರ್ಷಕ್ಕೆ 27,300 ರೂಪಾಯಿ. ಏಳನೇ ಕ್ಲಾಸ್ ಓದಿದ ಆಕೆಗೆ ಆ ಚೀಟಿಯ ತಪ್ಪು ಕಂಡಿತ್ತು. ಬಿಲ್ ಪಾಸ್ ಮಾಡಿದವರಿಗೆ ಕಂಡಿರಲಿಲ್ಲ. ಅವತ್ತಿನಿಂದ ನನ್ನ ಕೈಗೆ ಬರುವ ಪ್ರತಿ ಸಂಬಳದ ಪಟ್ಟಿಯಲ್ಲೂ ಮೊದಲು ನೋಡುವುದು ಕಡಿತದ ಕಾಲಂ.

ಮಾಲೀಕರ ಪಾಲನ್ನು ಕೆಲಸಗಾರರಿಂದ ಹಿಡಿಯುವುದು ಅಂದೂ ತಪ್ಪು, ಇಂದೂ ತಪ್ಪು. ಕಾನೂನು ಒಪ್ಪುವ ಕಡಿತಗಳ ಪಟ್ಟಿ ಸಂಹಿತೆಯಲ್ಲೇ ಇದೆ. ಪಿಎಫ್, ಇಎಸ್‌ಐ, ತೆರಿಗೆ, ಗೈರುಹಾಜರಿ, ಕೊಟ್ಟ ಮುಂಗಡ, ಹೀಗೆ. ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟಬಾರದು. ದಂಡ ಹಾಕುವುದಾದರೂ ವೇತನದ 3% ದಾಟುವಂತಿಲ್ಲ.

ಇನ್ನೊಂದು ಅಂಶ ಬಹಳ ಜನ ಗಮನಿಸಿಲ್ಲ. ಕೆಲಸಗಾರರು ಮಾಲೀಕರಿಗೋ ಅವರ ಏಜೆಂಟರಿಗೋ ಕೊಡುವ ಯಾವುದೇ ದುಡ್ಡನ್ನು ವೇತನದ ಕಡಿತ ಅಂತಲೇ ಪರಿಗಣಿಸಲಾಗುತ್ತದೆ. ಪೂರ್ತಿ ಸಂಬಳ ಖಾತೆಗೆ ಹಾಕಿ, ಎಟಿಎಂ ಬಾಗಿಲಲ್ಲಿ ಸೂಪರ್‌ವೈಸರ್ ನಿಂತು ಎರಡು ಸಾವಿರ ವಾಪಸ್ ಇಸಿದುಕೊಳ್ಳುವ ಪದ್ಧತಿ ಕೆಲವು ಕಡೆ ಇದೆಯಲ್ಲ, ಅದೂ ಅಕ್ರಮ ಕಡಿತವೇ. ಕೆಲಸಕ್ಕೆ ಸೇರಿಸಿಕೊಳ್ಳಲು ಪಡೆಯುವ 'ಡಿಪಾಸಿಟ್' ಕೂಡ. ನಿಮ್ಮ ಸೂಪರ್‌ವೈಸರ್ ನಿಮಗೆ ಗೊತ್ತಿಲ್ಲದೆ ಹೀಗೆ ಮಾಡುತ್ತಿದ್ದರೂ ಉತ್ತರ ಹೇಳಬೇಕಾದವರು ನೀವು. ತಿಂಗಳಿಗೊಮ್ಮೆ ಒಬ್ಬಿಬ್ಬರು ಕೆಲಸಗಾರರ ಜೊತೆ ನೀವೇ ಕೂತು ಮಾತಾಡಿ.

ಕಾಗದ ಇಲ್ಲದಿದ್ದರೆ ಏನಾಗುತ್ತದೆ

ವೇತನದ ಬಗ್ಗೆ ದೂರು ಬಂದರೆ, ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು. ಕೆಲಸಗಾರರು ಮೂರು ವರ್ಷದವರೆಗೆ ಕ್ಲೇಮ್ ಹಾಕಬಹುದು. ಕ್ಲೇಮ್ ವಿಚಾರಿಸುವ ಪ್ರಾಧಿಕಾರ ಬಾಕಿ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟರೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಮೊದಲ ಸಲ ಸಿಕ್ಕಿಬಿದ್ದಾಗ, ಕೇಸ್ ಹಾಕುವ ಮೊದಲು ಸರಿಪಡಿಸಿಕೊಳ್ಳಲು ಒಂದು ಅವಕಾಶ ಸಿಗುತ್ತದೆ. ಐದು ವರ್ಷದೊಳಗಿನ ಎರಡನೇ ತಪ್ಪಿಗೆ ಅದಿಲ್ಲ.

ಆದ್ದರಿಂದ ಪ್ರತಿ ತಿಂಗಳಿಗೆ ಒಂದು ಫೈಲ್ ಮಾಡಿ. ಸಹಿಯಾದ ಹಾಜರಿ, ವೇತನ ಪಟ್ಟಿ, ಬ್ಯಾಂಕಿನ ಪಾವತಿ ವಿವರ, ವೇತನ ಚೀಟಿಗಳು, ಪಿಎಫ್ ಇಸಿಆರ್ (ತಿಂಗಳ ಪಿಎಫ್ ವಿವರದ ಪಟ್ಟಿ) ಮತ್ತು ಚಲನ್, ಇಎಸ್‌ಐ ಚಲನ್, ಬಿಲ್‌ನ ಸ್ವೀಕೃತಿ. ವೇತನ ಚೀಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿದರೂ ಒಂದು ಪ್ರತಿ ಫೈಲಿನಲ್ಲಿರಲಿ. ನಮ್ಮ ಆಫೀಸಿನಲ್ಲಿ ಪ್ರತಿ ಫೈಲಿನ ಮೇಲೆ ದಪ್ಪ ಮಾರ್ಕರ್‌ನಲ್ಲಿ ತಿಂಗಳು ಮತ್ತು ಸಂಬಳ ಹಾಕಿದ ದಿನಾಂಕ ಬರೆಯುತ್ತೇವೆ. ಕಪಾಟಿನ ಮುಂದೆ ನಿಂತರೆ ಸಾಕು, ಯಾವ ತಿಂಗಳು ತಡವಾಯಿತು ಅಂತ ಕಾಣುತ್ತದೆ.

ಗುತ್ತಿಗೆ ಮುಗಿಯುವ ದಿನ

ಮಾರ್ಚ್ 31ಕ್ಕೆ ಟೆಂಡರ್ ಮುಗಿಯುತ್ತದೆ. ಏಪ್ರಿಲ್ 1ಕ್ಕೆ ಹೊಸ ಏಜೆನ್ಸಿ, ಅದೇ ಜನ, ಅದೇ ಪೊರಕೆ. ನಡುವೆ ಕೆಲಸಗಾರರ ಹಕ್ಕು ಬಿದ್ದುಹೋಗುವುದು ಈ ಒಂದು ರಾತ್ರಿಯಲ್ಲಿ. ಕೆಲಸದಿಂದ ತೆಗೆದರೂ, ತಾವೇ ಬಿಟ್ಟರೂ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ. ಇಲ್ಲಿ 7ನೇ ತಾರೀಖಿನ ಲೆಕ್ಕ ಇಲ್ಲ. ಆದ್ದರಿಂದ ಮಾರ್ಚ್ ತಿಂಗಳ ಹಾಜರಿಯನ್ನು 31ರ ಸಂಜೆಯೇ ಮುಗಿಸಿ ಇಟ್ಟುಕೊಳ್ಳಿ.

ಒಂದು ವರ್ಷ ತುಂಬಿದ ನಿಗದಿತ ಅವಧಿಯವರಿಗೆ ಗ್ರಾಚ್ಯುಟಿ 30 ದಿನದೊಳಗೆ. ಉಳಿದ ಗಳಿಕೆ ರಜೆಗೆ ಹಣ. ಬೋನಸ್ ಬಾಕಿ ಎಷ್ಟು ಅಂತ ಬರವಣಿಗೆಯಲ್ಲಿ ಕೊಡಿ, ದೀಪಾವಳಿಗೆ ಬಂದು ಕೇಳಿದಾಗ "ನೀನು ಈಗ ನಮ್ಮವನಲ್ಲ" ಅನ್ನಬೇಡಿ. ಆ ವರ್ಷದಲ್ಲಿ 30 ದಿನ ದುಡಿದಿದ್ದರೆ ಬೋನಸ್‌ಗೆ ಅರ್ಹತೆ ಇರುತ್ತದೆ.

ಕೊನೆಯದಾಗಿ ಪಿಎಫ್ ಪೋರ್ಟಲ್‌ನಲ್ಲಿ ಪ್ರತಿಯೊಬ್ಬರ ಕೆಲಸ ಬಿಟ್ಟ ದಿನಾಂಕ ತುಂಬಿಸಿ. ಇದಕ್ಕೆ ಒಬ್ಬರಿಗೆ ಎರಡು ನಿಮಿಷವೂ ಬೇಡ. ಇದನ್ನು ಮಾಡದೆ ಏಜೆನ್ಸಿ ಮುಚ್ಚಿಹೋದದ್ದರಿಂದ, ಮಗಳ ಮದುವೆಗೆ ಪಿಎಫ್ ದುಡ್ಡು ಬೇಕಾಗಿ ನಮ್ಮ ಆಫೀಸಿಗೂ ಪಿಎಫ್ ಕಚೇರಿಗೂ ತಿಂಗಳುಗಟ್ಟಲೆ ಓಡಾಡಿದವರನ್ನು ನೋಡಿದ್ದೇನೆ. ಏಪ್ರಿಲ್ ಮೊದಲ ವಾರದಲ್ಲೇ ಕೂತು, ಪಟ್ಟಿ ಹಿಡಿದು, ಒಬ್ಬೊಬ್ಬರ ಯುಎಎನ್ ಎದುರು ಟಿಕ್ ಹಾಕುತ್ತಾ ಮುಗಿಸಿ. ನಂತರ ಅವರವರ ಫೋನಿಗೆ ಒಂದು ಮೆಸೇಜ್ ಹಾಕಿ: ನಿಮ್ಮ ಸಂಬಳ ಇಷ್ಟು, ಗ್ರಾಚ್ಯುಟಿ ಇಷ್ಟು, ಈ ದಿನ ಖಾತೆಗೆ ಹಾಕಿದ್ದೇವೆ.